ಮೈಸೂರಲ್ಲಿ ಉಳಿದ ದನಿ, ಮೈಸೂರಲ್ಲೇ ಕಳೆದ ದನಿ

ನಂಜನಗೂಡು ತಾಲ್ಲೂಕಿನ ಒಂದು ಊರಿಂದ ಫೋನ್ ಬಂದಾಗ ನಾವು ಮೈಸೂರಿನಲ್ಲಿ ಒಂದು ಪ್ರತಿಭಟನೆಯ ಸುದ್ದಿ ಮಾಡುತ್ತ ನಿಂತಿದ್ದೆವು. "ತಾತ ಹೋಗ್ಬುಟ್ರು ಸಾ" ಅಂದ ಹುಡುಗ.

ಆ ತಾತ ನೀಲಗಾರರು. ತಂಬೂರಿ ಮೀಟಿ, ಗಗ್ಗರ ಆಡಿಸಿ, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ಬೆಳಗಿನ ಜಾವದವರೆಗೆ ಹಾಡುತ್ತಿದ್ದವರು. ಸುತ್ತಿನ ಊರುಗಳಲ್ಲಿ ಯಾರ ಮನೆಯ ತಿಥಿಯಾದರೂ ರಾತ್ರಿಗೆ ಅವರ ಪದ ಇರಬೇಕಿತ್ತು. ಆ ವರ್ಷದ ಜನವರಿಯಲ್ಲಿ, ಚಿಕ್ಕಲ್ಲೂರು ಜಾತ್ರೆ ಮುಗಿದ ವಾರ, ನಾವು ಅವರ ಮನೆಯ ಜಗುಲಿಯಲ್ಲಿ ಕೂತು ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ನಡುವೆ ಕೆಮ್ಮು ಇತ್ತು, ಹುಂಜದ ಕೂಗಿತ್ತು, ಸೊಸೆ ತಂದಿಟ್ಟ ಟೀ ಲೋಟದ ಸದ್ದಿತ್ತು.

ಹುಡುಗ ಅವರ ಮೊಮ್ಮಗ. ಅವನು ಕೇಳಿದ್ದು ಇಷ್ಟೆ: "ಅವತ್ತು ನೀವು ತುಂಬ್ಕಂಡಿದ್ರಲ್ಲ ಸಾ, ತಾತುನ್ ಪದ. ಅದ್ನ ಒಸಿ ಕಳ್ಸಿ. ತಿಥಿ ದಿನ ಹಾಕುಸ್ತೀವಿ."

ಊರೂರಿನ ತಿಥಿಗೆ ಹಾಡಿದವರ ತಿಥಿಯಲ್ಲಿ ಅವರದೇ ದನಿ ಕೇಳಬೇಕು ಅನ್ನುವುದು ನ್ಯಾಯವಾದ ಆಸೆ. "ಈಗಲೇ ಕಳಿಸ್ತೀವಿ ಕಣಪ್ಪ" ಅಂದೆವು. ಫೋನ್ ತೆಗೆದು ಹುಡುಕಿದರೆ ಫೈಲ್ ಇಲ್ಲ.

ಕಾರಣ ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದಸರಾ ಸಮಯದಲ್ಲಿ ಜಂಬೂ ಸವಾರಿಯ ವಿಡಿಯೋ ತೆಗೆಯುವಾಗ 'ಸ್ಟೋರೇಜ್ ಫುಲ್' ಎಂದು ಫೋನ್ ನಿಂತುಹೋಗಿತ್ತು. ಜನರ ನೂಕುನುಗ್ಗಲಲ್ಲಿ ನಿಂತು ದೊಡ್ಡ ದೊಡ್ಡ ಫೈಲುಗಳನ್ನೆಲ್ಲ ಗುರುತು ಮಾಡಿ ಒಂದೇ ಸಲ ಅಳಿಸಿದ್ದೆವು. ಆನೆಯ ವಿಡಿಯೋಗೆ ಜಾಗ ಮಾಡಲು ತಾತನ ಪದವನ್ನು ಬಿಸಾಕಿದ್ದೆವು. ಅದು ಯಾವ ಕಂಪನಿಯ ತಪ್ಪೂ ಅಲ್ಲ, ಫೋನಿನ ತಪ್ಪೂ ಅಲ್ಲ. ನಮ್ಮದೇ ಬೆರಳು.

ತಿಥಿಗೆ ಇನ್ನು ಹತ್ತು ದಿನವಿತ್ತು. ಆ ಹತ್ತು ದಿನದಲ್ಲಿ ನಾವು ಏನು ಮಾಡಿದೆವು, ಏನು ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಮೈಸೂರಿನದೇ ಎರಡು ಹಳೆಯ ಸಂಗತಿ ಹೇಳಬೇಕು. ಒಂದು ದನಿ ನೂರು ವರ್ಷ ಕಳೆದರೂ ಉಳಿದದ್ದು, ಇನ್ನೊಂದು ಹುಟ್ಟಿದ ಗಳಿಗೆಯಲ್ಲೇ ಹೋದದ್ದು. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ನಮ್ಮ ಫೋನಿನಲ್ಲಿ ಕಳೆದದ್ದನ್ನು ಎಲ್ಲಿ ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಗಾಯಕಿ

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಉತ್ತರದಿಂದ ಒಬ್ಬ ಗಾಯಕಿ ಬಂದರು. ಹೆಸರು ಗೌಹರ್ ಜಾನ್. 1873ರಲ್ಲಿ ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿ, ಕಲ್ಕತ್ತದಲ್ಲಿ ದೊಡ್ಡ ಹೆಸರು ಮಾಡಿದವರು. ಮೈಸೂರಿಗೆ ಬರುವ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು, ಒಳ್ಳೆಯ ದಿನಗಳು ಮುಗಿದಿದ್ದವು. ಎರಡು ವರ್ಷವೂ ಕಳೆಯಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಇವತ್ತು ನಮ್ಮೂರುಗಳಿಂದ ಬಸ್ಸು ಹತ್ತಿ ಹೋಗಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲುತ್ತೇವಲ್ಲ, ಅದೇ ಕೆ.ಆರ್. ಆಸ್ಪತ್ರೆ.

ಆದರೆ ಅವರ ದನಿ ತೀರಿಕೊಳ್ಳಲಿಲ್ಲ. ಅದಕ್ಕೆ ಕಾರಣ ಇನ್ನೂ ಹಿಂದೆ, 1902ರ ನವೆಂಬರಿನಲ್ಲಿದೆ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತಕ್ಕೆ ಬಂದು, ಹೋಟೆಲಿನ ಕೋಣೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡು ಹಾಡುಗಾರರ ದನಿ ತುಂಬಿಕೊಂಡರು. ಭಾರತದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. ಆಗ ಮೈಕ್ ಇರಲಿಲ್ಲ. ಕಹಳೆಯಂಥ ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಕೊಳವೆಯ ಆ ತುದಿಯಲ್ಲಿದ್ದ ಸೂಜಿ ದನಿಯ ಅದುರಿಗೆ ತಕ್ಕಂತೆ ಅಲುಗಿ, ತಿರುಗುತ್ತಿದ್ದ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಸಮಯ ಮೂರು ನಿಮಿಷದ ಆಸುಪಾಸು, ಅಷ್ಟೆ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ದೂರದ ಕಾರ್ಖಾನೆಯಲ್ಲಿ ಈ ತಟ್ಟೆ ಯಾರದು ಎಂದು ಗುರುತು ಸಿಗಲಿ ಎಂಬುದಕ್ಕೆ.

ಮೇಣ ಮೆತ್ತಗಿನದು. ಅದನ್ನೇ ಕೂತು ನಾಲ್ಕು ಸಲ ನುಡಿಸಿದ್ದರೆ ಸವೆದುಹೋಗುತ್ತಿತ್ತು. ಹಾಗಾಗಿ ಅದನ್ನು ಜರ್ಮನಿಯ ಹ್ಯಾನೋವರಿಗೆ ಹಡಗಿನಲ್ಲಿ ಕಳಿಸಿದರು. ಅಲ್ಲಿ ಮೇಣದಿಂದ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಅರಗು ಬೆರೆಸಿದ ಗಟ್ಟಿ ತಟ್ಟೆಗಳನ್ನು ಒತ್ತಿದರು. ನಮ್ಮ ಅಜ್ಜಂದಿರು 'ಪ್ಲೇಟು' ಅನ್ನುತ್ತಿದ್ದದ್ದು ಇದನ್ನೇ. ಒಂದು ಅಚ್ಚಿಗೆ ನೂರಾರು, ಸಾವಿರಾರು ಪ್ಲೇಟು. ಗೌಹರ್ ಜಾನ್ ಒಟ್ಟು ಸುಮಾರು 600 ಪ್ಲೇಟುಗಳಿಗೆ ಹಾಡಿದರು ಎನ್ನುತ್ತಾರೆ.

ಅರಗಿನ ಪ್ಲೇಟು ಕೈಜಾರಿದರೆ ಒಡೆಯುತ್ತದೆ, ಬಿಸಿಲಿಗಿಟ್ಟರೆ ಬಾಗುತ್ತದೆ, ಸೂಜಿ ಓಡಿದಷ್ಟೂ ಸವೆಯುತ್ತದೆ. ಒಂದು ಮನೆಯಲ್ಲಿ ಒಡೆಯಿತು, ಇನ್ನೊಂದು ಮನೆಯಲ್ಲಿ ಗುಜರಿಗೆ ಹೋಯಿತು. ಆದರೆ ಮತ್ತಾವುದೋ ಊರಿನ ಮತ್ತಾವುದೋ ಅಟ್ಟದ ಮೇಲೆ ಒಂದು ಉಳಿಯಿತು. ಉಳಿದ ಆ ಒಂದರಿಂದ ಕಂಪ್ಯೂಟರಿಗೆ ಇಳಿಸಿದ್ದರಿಂದಲೇ ಇವತ್ತು ಯಾರು ಬೇಕಾದರೂ ಫೋನಿನಲ್ಲಿ ಆಕೆಯ ದನಿ ಕೇಳಬಹುದು. ಪ್ಲೇಟು ಗಟ್ಟಿ ಇತ್ತೆಂದು ದನಿ ಉಳಿಯಲಿಲ್ಲ. ಹಲವು ಮನೆಗಳಲ್ಲಿ ಇತ್ತೆಂದು ಉಳಿಯಿತು.

ಪ್ರೊಫೆಸರ್ ಮನೆಯ ರೇಡಿಯೋ

ಗೌಹರ್ ಜಾನ್ ತೀರಿಕೊಂಡು ಐದು ವರ್ಷಕ್ಕೆ, ಅದೇ ಮೈಸೂರಿನಲ್ಲಿ, ದನಿಯ ಇನ್ನೊಂದು ಕತೆ ಶುರುವಾಯಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಆರಂಭಿಸಿದರು. ಸರ್ಕಾರದ ಕೇಂದ್ರವಲ್ಲ, ಸ್ವಂತ ಆಸಕ್ತಿಯ ಕೆಲಸ. ಶುರುವಿನ ಟ್ರಾನ್ಸ್‌ಮಿಟರ್ ಶಕ್ತಿ ಬರೀ 30 ವಾಟ್. ಹಳೆಯ ಕಾಲದ ಒಂದು ಸಣ್ಣ ಬಲ್ಬು ಉರಿಯಲು ಬೇಕಾದಷ್ಟು! ಆ ಕೇಂದ್ರದ ಹೆಸರೇ 'ಆಕಾಶವಾಣಿ'. ಮುಂದೆ ಇಡೀ ಭಾರತದ ರೇಡಿಯೋ ಈ ಮೈಸೂರಿನ ಹೆಸರನ್ನೇ ತೆಗೆದುಕೊಂಡಿತು. ಕೇಂದ್ರವನ್ನು ಮೊದಲು ಮೈಸೂರು ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಅದು ಅಖಿಲ ಭಾರತ ರೇಡಿಯೋಗೆ ಸೇರಿತು. 1955ರಲ್ಲಿ ಪ್ರಸಾರ ಬೆಂಗಳೂರಿಗೆ ಹೋಯಿತು. ಮೈಸೂರು ಮತ್ತೆ ತನ್ನ ಕೇಂದ್ರ ಪಡೆದದ್ದು 1970ರ ದಶಕದಲ್ಲಿ.

ಇದೆಲ್ಲ ಹೆಮ್ಮೆಯ ಸಂಗತಿ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ: ಆ ಮೊದಲ ದಿನ ಒಂಟಿಕೊಪ್ಪಲಿನ ಮನೆಯಿಂದ ಹೊರಟ ದನಿ ಈಗ ಎಲ್ಲಿದೆ?

ಆಗಿನ ರೇಡಿಯೋ ಅಂದರೆ ನೇರ ಪ್ರಸಾರ. ಹಾಡುವವರು ಮೈಕಿನ ಮುಂದೆ ಹಾಡಿದರು, ದನಿ ವಿದ್ಯುತ್ ಆಗಿ, ಅಲೆಯಾಗಿ ಗಾಳಿಗೆ ಹೋಯಿತು, ರೇಡಿಯೋ ಪೆಟ್ಟಿಗೆ ಇದ್ದವರು ಕೇಳಿದರು, ಮುಗಿಯಿತು. ಅಲೆ ಎಲ್ಲೂ ಗೆರೆ ಕೊರೆಯುವುದಿಲ್ಲ. ಮನೆಯಲ್ಲಿ ಕೂತು ಅದನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುವ ಸಾಧನ ಆಗ ನಮ್ಮ ಕಡೆ ರೂಢಿಯಲ್ಲಿರಲಿಲ್ಲ. ಏಕೆಂದರೆ ಟೇಪ್ ರೆಕಾರ್ಡರ್ ಎಂಬ ಯಂತ್ರವನ್ನು ಲೋಕಕ್ಕೆ ಮೊದಲು ತೋರಿಸಿದ್ದೇ 1935ರ ಆಗಸ್ಟಿನಲ್ಲಿ, ಬರ್ಲಿನ್ನಿನ ರೇಡಿಯೋ ಮೇಳದಲ್ಲಿ. ಮೈಸೂರಿನ ಪ್ರಸಾರಕ್ಕಿಂತ ಒಂದು ತಿಂಗಳಷ್ಟೇ ಮೊದಲು. ಅದು ನಮ್ಮ ಕಡೆಗೆ ಬಂದು ರೂಢಿಯಾಗಲು ಎಷ್ಟೋ ವರ್ಷ ಹಿಡಿಯಿತು.

ಹೀಗೆ, 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ್ದು ನಮಗೆ ಕೇಳುತ್ತದೆ. ಅದಾಗಿ 33 ವರ್ಷದ ಮೇಲೆ ನಮ್ಮದೇ ಮೈಸೂರಿನಲ್ಲಿ ಆಡಿದ್ದು ಕೇಳುವುದಿಲ್ಲ. ಒಂದಕ್ಕೆ ಪ್ರತಿಗಳಿದ್ದವು, ಇನ್ನೊಂದಕ್ಕೆ ಇರಲಿಲ್ಲ.

ಅಳಿಸುವುದನ್ನು ಕಲಿಸಿದ ಟೇಪು

ಟೇಪ್ ಬಂದಮೇಲೆ ಎಲ್ಲ ಸರಿಹೋಗಬೇಕಿತ್ತು. ಆದರೆ ಟೇಪು ಹೊಸದೊಂದು ತಾಪತ್ರಯ ತಂದಿತು. ಅರಗಿನ ಪ್ಲೇಟನ್ನು ಒಡೆಯಬಹುದು, ಅಳಿಸಲಾಗದು. ಟೇಪನ್ನು ಅಳಿಸಬಹುದು.

ಟೇಪು ಅಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯ ಲೇಪ. ದನಿಗೆ ತಕ್ಕಂತೆ ಆ ಪುಡಿಯ ಕಣಗಳು ಅಯಸ್ಕಾಂತವಾಗುತ್ತವೆ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಯಂತ್ರದ ಒಂದು ಭಾಗ ಹಳೆಯದನ್ನು ಅಳಿಸುತ್ತ ಹೋಗುತ್ತದೆ, ಅದರ ಹಿಂದೆಯೇ ಇನ್ನೊಂದು ಭಾಗ ಹೊಸದನ್ನು ಬರೆಯುತ್ತ ಹೋಗುತ್ತದೆ. ಟೇಪು ದುಬಾರಿ. ಹಾಗಾಗಿ ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ತುಂಬುವುದು ಲೋಕದ ಎಲ್ಲ ಕಡೆ ರೂಢಿಯಾಯಿತು.

ಇದರಲ್ಲಿ ದೊಡ್ಡವರೂ ಎಡವಿದ್ದಾರೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈನಲ್ಲಿ. ಅವತ್ತು ಚಂದ್ರನಿಂದ ಬಂದ ಚಿತ್ರವನ್ನು ತುಂಬಿಕೊಂಡಿದ್ದ ಮೂಲ ಟೇಪುಗಳು ಎಲ್ಲಿ ಎಂದು ಅಮೆರಿಕದ ನಾಸಾ ವರ್ಷಗಟ್ಟಲೆ ಹುಡುಕಿಸಿತು. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂದು 2009ರಲ್ಲಿ ಒಪ್ಪಿಕೊಂಡಿತು. ಆಮೇಲೆ ಮಾಡಿದ್ದೇನು? ಅಳಿಸಿದ ಟೇಪನ್ನು ಕೆರೆದು ತೆಗೆಯಲಿಲ್ಲ. ಅವತ್ತು ಟಿ.ವಿ.ಯಲ್ಲಿ ಹೋದದ್ದರ ಪ್ರತಿಗಳು ಬೇರೆ ಯಾರ ಹತ್ತಿರ ಇವೆ ಎಂದು ಹುಡುಕಿ, ಇದ್ದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಶುಚಿ ಮಾಡಿ ಕೊಟ್ಟರು. ಈ ಮಾತನ್ನು ನೆನಪಿಡಿ. ನಮಗೂ ಕೊನೆಗೆ ಕೈಹಿಡಿದದ್ದು ಇದೇ ದಾರಿ.

ಚಂದ್ರನ ಮೇಲೆ ಮನುಷ್ಯ ಇಳಿದ ಅದೇ ವಾರ, 1969ರ ಜುಲೈ 17ರಂದು, ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಅದಕ್ಕೂ ಒಂದು ವರ್ಷ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆರಂಭವಾಗಿತ್ತು. ಅದಕ್ಕೆ ಮುಂದೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ ನೆಲೆಯಾಯಿತು. ಓದಿದವರು ಹಳ್ಳಿ ಹಾಡುಗಾರರ ಜಗುಲಿಗೆ ಹೋಗಿ ಕೂರುವ ಕಾಲ ಅದು. ಪಿ.ಕೆ. ರಾಜಶೇಖರ ಅವರ 'ಮಲೆಯ ಮಾದೇಶ್ವರ' 1973ರಲ್ಲಿ ಪುಸ್ತಕವಾಗಿ ಬಂತು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಅದು ಇಂಗ್ಲಿಷಿಗೂ ಹೋಯಿತು. ಈ ಕೆಲಸಕ್ಕೆ ಎಷ್ಟು ಕೈಮುಗಿದರೂ ಸಾಲದು. ಆದರೆ ಪುಸ್ತಕ ಉಳಿಸಿಕೊಡುವುದು ಪದವನ್ನು. ಪದ ಎಲ್ಲಿ ಏರಿತು, ಎಲ್ಲಿ ತಂಬೂರಿ ನಿಲ್ಲಿಸಿ ಉಸಿರು ತೆಗೆದುಕೊಂಡರು ಎಂಬುದು ದನಿಯಲ್ಲೇ ಇರಬೇಕು.

ಕ್ಯಾಸೆಟ್ಟಿನ ಆ ಎರಡು ತೂತು

ಹಳ್ಳಿಯ ಸಾಮಾನ್ಯ ಮನೆಗೆ ದನಿ ತುಂಬುವ ಅವಕಾಶ ಬಂದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ತೋರಿಸಿದ್ದೂ ಅದೇ ಬರ್ಲಿನ್ ರೇಡಿಯೋ ಮೇಳದಲ್ಲಿ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಅದಕ್ಕೆ ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಆಮೇಲಿನ ಇಪ್ಪತ್ತು ವರ್ಷ ಮದುವೆ ಮನೆ, ಟೀ ಅಂಗಡಿ, ಟ್ರಾಕ್ಟರು, ಎಲ್ಲೆಲ್ಲೂ ಕ್ಯಾಸೆಟ್ಟೇ.

ಕ್ಯಾಸೆಟ್ ನೋಡಿದವರಿಗೆ ನೆನಪಿರಬಹುದು. ಅದರ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಿದ್ದವು. ಅದನ್ನು ಮುರಿದು ಹಾಕಿದರೆ ಆ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಗುಂಡಿ ಕೂರುತ್ತಿರಲಿಲ್ಲ. ಒಳಗಿನ ದನಿ ಕ್ಷೇಮ. ಅಂಗಡಿಯ ಹಾಡಿನ ಕ್ಯಾಸೆಟ್ಟಿಗೆ ಆ ಚೂರು ಇರುತ್ತಲೇ ಇರಲಿಲ್ಲ. ನಾವೇನು ಮಾಡುತ್ತಿದ್ದೆವು? ಆ ತೂತಿಗೆ ಗಮ್ ಟೇಪ್ ಅಂಟಿಸಿ, ಇಲ್ಲವೇ ಕಾಗದ ತುರುಕಿ, ಅದರ ಮೇಲೇ ಬೇರೆಯದನ್ನು ತುಂಬುತ್ತಿದ್ದೆವು. ಅಜ್ಜಿಯ ಸೋಬಾನೆ ಪದದ ಮೇಲೆ ಸಿನಿಮಾ ಹಾಡು ಕೂತದ್ದು ಎಷ್ಟು ಮನೆಗಳಲ್ಲೋ. ಕಾಪಾಡುವ ಉಪಾಯ ಎದುರಿಗೇ ಇತ್ತು, ಖಾಲಿ ಕ್ಯಾಸೆಟ್ಟಿಗೆ ಕಾಸು ಇರಲಿಲ್ಲ.

ಫೋನಿನಲ್ಲಿ ಅಳಿಸುವುದು ಅಂದರೇನು?

ಆಮೇಲೆ ಬಂದದ್ದು ಚಿಪ್ಪು, ಅಂದರೆ ಮೆಮೊರಿ ಕಾರ್ಡು. ಮೊಬೈಲ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಚಿಪ್ಪಿಗೆ ಹಾಡು ತುಂಬಿಸಿಕೊಂಡದ್ದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಆ ಚಿಪ್ಪಿನಲ್ಲಿ ಫೈಲ್ ಅಳಿಸಿದಾಗ ಏನಾಗುತ್ತದೆ ಎಂಬುದನ್ನು ಪಹಣಿಯ ಹೋಲಿಕೆಯಲ್ಲಿ ಹೇಳಬಹುದು.

ಹೊಲ ಬೇರೆ, ಪಹಣಿ ಬೇರೆ. ಚಿಪ್ಪಿನಲ್ಲಿ ಅಳಿಸಿದಾಗ ಪಹಣಿಯಲ್ಲಿದ್ದ ಹೆಸರಿಗೆ ಮಾತ್ರ ಗೀಟು ಬೀಳುತ್ತದೆ. 'ಈ ಜಾಗ ಖಾಲಿ, ಯಾರು ಬೇಕಾದರೂ ಉಳಬಹುದು' ಎಂದು ಬರೆದುಕೊಳ್ಳುತ್ತದೆ. ಹೊಲದಲ್ಲಿ ಬೆಳೆ ಹಾಗೇ ನಿಂತಿರುತ್ತದೆ. ಇನ್ನೊಂದು ಫೋಟೋ, ಇನ್ನೊಂದು ವಿಡಿಯೋ ಬಂದು ಆ ಜಾಗ ಉಳುವವರೆಗೂ ಹಳೆಯ ದನಿ ಅಲ್ಲೇ ಇರುತ್ತದೆ. ಹಾಗಾಗಿಯೇ ಚಿಪ್ಪಿನಿಂದ ಅಳಿಸಿದ್ದು ಬಹಳ ಸಲ ವಾಪಸ್ ಸಿಗುತ್ತದೆ.

ಈಗಿನ ಫೋನಿನ ಒಳಗಿನ ಮೆಮೊರಿ ಹಾಗಲ್ಲ. ಎರಡು ಬದಲಾವಣೆ ಆಗಿದೆ. ಒಂದು, ಖಾಲಿ ಎಂದು ಗೀಟು ಬಿದ್ದ ಹೊಲವನ್ನು ಫೋನು ತಾನೇ ಬಿಡುವಿನ ಹೊತ್ತಿನಲ್ಲಿ ಉತ್ತು ಹದ ಮಾಡಿಬಿಡುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ ನಡೆಯುವ ಕೆಲಸಗಳಲ್ಲಿ ಇದೂ ಒಂದು. ಎರಡು, ಕೆಲವು ವರ್ಷಗಳಿಂದ ಬರುತ್ತಿರುವ ಆಂಡ್ರಾಯ್ಡ್ ಫೋನುಗಳಲ್ಲಿ ಪ್ರತಿ ಫೈಲಿಗೂ ಬೀಗವಿದೆ. ಫೈಲ್ ಅಳಿಸಿದಾಗ ಬೀಗದ ಕೈಯ ಗುರುತೂ ಹೋಗುತ್ತದೆ. ಆಮೇಲೆ ಪೆಟ್ಟಿಗೆ ಸಿಕ್ಕರೂ ತೆರೆಯಲಾಗದು. ಕಳ್ಳರ ಕೈಗೆ ಫೋನ್ ಸಿಕ್ಕರೆ ನಮ್ಮ ಗುಟ್ಟು ಅವರಿಗೆ ಸಿಗದಿರಲಿ ಎಂದು ಮಾಡಿದ ಏರ್ಪಾಡು ಇದು. ಒಳ್ಳೆಯದೇ. ಆದರೆ ನಮ್ಮದೇ ಕೈತಪ್ಪಿಗೂ ಅದು ಅಷ್ಟೇ ಗಟ್ಟಿ ಬಾಗಿಲು.

ಇದು ಗೊತ್ತಿಲ್ಲದೆ ನಾವು ಏನು ಮಾಡಿದೆವು ಗೊತ್ತೇ? 'ಅಳಿಸಿದ ಆಡಿಯೋ ವಾಪಸ್' ಎನ್ನುವ ಆ್ಯಪುಗಳನ್ನು ಒಂದಾದ ಮೇಲೊಂದು ಅದೇ ಫೋನಿಗೆ ಹಾಕಿದೆವು. ಅಂದರೆ ಹುಡುಕಬೇಕಾದ ಹೊಲದ ಮೇಲೇ ಟ್ರಾಕ್ಟರ್ ಓಡಿಸಿದೆವು. ಅವು ತೋರಿಸಿದ್ದು ಫೋನಿನಲ್ಲಿ ಮೊದಲೇ ಇದ್ದ ಹಾಡು, ಮೆಸೇಜ್ ಬಂದಾಗಿನ ಟಿಣ್ ಸದ್ದು. ಆಮೇಲೆ ನಗರದ ಒಂದು ಅಂಗಡಿಗೆ 1,500 ರೂಪಾಯಿ ಕೊಟ್ಟೆವು. ಅವರು ಎರಡು ದಿನ ಇಟ್ಟುಕೊಂಡು ಪೆನ್‌ಡ್ರೈವ್ ತುಂಬ ಅದೇ ಟಿಣ್ ಸದ್ದು ಕೊಟ್ಟರು. ತಿಥಿಗೆ ಐದು ದಿನ ಉಳಿಯಿತು.

ನಮಗೆ ಸಿಕ್ಕಿದ್ದು

ಐದನೇ ದಿನ ನಮ್ಮ ಗುಂಪಿನ ಗೆಳತಿಯೊಬ್ಬಳು ಸರಿಯಾದ ಪ್ರಶ್ನೆ ಕೇಳಿದಳು: "ಎಲ್ಲಿ ಅಳಿಸಿಹೋಯ್ತು ಅಂತ ಯಾಕೆ ಹುಡುಕ್ತಿದ್ದೀರಿ? ಯಾರಿಗೆ ಕಳಿಸಿದ್ರಿ ಅಂತ ನೋಡಿ."

ಆಗ ನೆನಪಾಯಿತು. ರೆಕಾರ್ಡ್ ಮಾಡಿದ ದಿನವೇ ಮೊಮ್ಮಗ ಕೇಳಿದನೆಂದು ಅದರಲ್ಲಿ ಒಂದು ತುಂಡನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದೆವು. ನಮ್ಮ ಫೋನಿನಲ್ಲಿ ಅದೂ ಹೋಗಿತ್ತು. ಮೊಮ್ಮಗ ಅಷ್ಟರಲ್ಲಿ ಫೋನ್ ಬದಲಾಯಿಸಿದ್ದ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟಿದ್ದ. ಆದರೆ ಅವನು ಅದನ್ನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಅಕ್ಕನಿಗೆ ಫಾರ್ವರ್ಡ್ ಮಾಡಿದ್ದ. ಅಕ್ಕ ಅದನ್ನು ಅಳಿಸಿರಲಿಲ್ಲ. "ಬಸ್ಸಲ್ಲಿ ಹೋಗುವಾಗ ಕೇಳ್ತೀನಿ" ಅಂದಳಂತೆ.

ಹನ್ನೊಂದು ನಿಮಿಷ. ಒಂದು ಗಂಟೆ ನಲವತ್ತು ನಿಮಿಷದಲ್ಲಿ ಉಳಿದದ್ದು ಅಷ್ಟು. ಅದರಲ್ಲಿ ತಾತ ತಮ್ಮ ಗುರುವಿನ ಹೆಸರು ಹೇಳಿ, ಧರೆಗೆ ದೊಡ್ಡವರನ್ನು ನೆನೆದು, ಸಿದ್ದಪ್ಪಾಜಿಯ ಕತೆಯ ಒಂದು ಸಾಲು ಎತ್ತುತ್ತಾರೆ. ಅಲ್ಲಿಗೆ ನಿಲ್ಲುತ್ತದೆ.

ನಿಮ್ಮದು ಕಳೆದರೆ ಹೀಗೆ ಮಾಡಿ

ನಾವು ತಲೆಕೆಳಗಾಗಿ ಮಾಡಿದ್ದನ್ನು ಸರಿಯಾದ ಸಾಲಿನಲ್ಲಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಫೋನ್ ಬಳಸುವುದನ್ನು ನಿಲ್ಲಿಸಿ. ಫೋಟೋ ಬೇಡ, ರೆಕಾರ್ಡಿಂಗ್ ಬೇಡ, ಹೊಸ ಆ್ಯಪ್ ಬೇಡ. ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ಗ್ರೂಪುಗಳ ಗುಡ್ ಮಾರ್ನಿಂಗ್ ಚಿತ್ರವೇ ಬಂದು ಆ ಜಾಗದಲ್ಲಿ ಕೂರುತ್ತದೆ.

ಎರಡನೆಯದು, ನಿಜವಾಗಿ ಅಳಿಸಿದೆಯೇ ನೋಡಿ. ಎಷ್ಟೋ ಸಲ ಫೈಲ್ ಜಾಗ ಬದಲಿಸಿರುತ್ತದೆ, ಇಲ್ಲವೇ ಹೆಸರು ಬದಲಾಗಿರುತ್ತದೆ. ಫೈಲ್ ಮ್ಯಾನೇಜರಿನಲ್ಲಿ 'ಆಡಿಯೋ' ವಿಭಾಗ ತೆಗೆದು, ದಿನಾಂಕದ ಪ್ರಕಾರ ಜೋಡಿಸಿ, ರೆಕಾರ್ಡ್ ಮಾಡಿದ ದಿನಕ್ಕೆ ಹೋಗಿ ನೋಡಿ.

ಮೂರನೆಯದು, ಕಸದ ಬುಟ್ಟಿ. ಬಹಳಷ್ಟು ಫೋನುಗಳ ರೆಕಾರ್ಡರ್ ಆ್ಯಪಿನಲ್ಲೂ ಫೈಲ್ ಮ್ಯಾನೇಜರಿನಲ್ಲೂ 'ಟ್ರ್ಯಾಶ್' ಅಥವಾ 'ರೀಸೈಕಲ್ ಬಿನ್' ಎಂದು ಇರುತ್ತದೆ. ಗೂಗಲ್ಲಿನ ಫೈಲ್ಸ್ ಆ್ಯಪಿನಲ್ಲಿ ಅಲ್ಲಿಗೆ ಹಾಕಿದ್ದು 30 ದಿನ ಇರುತ್ತದೆ. ಐಫೋನಿನ ವಾಯ್ಸ್ ಮೆಮೋಸಿನಲ್ಲಿ 'ರೀಸೆಂಟ್ಲಿ ಡಿಲೀಟೆಡ್' ಎಂಬ ಜಾಗ ಇದೆ. ನಾವು ಅಳಿಸಿ ಮೂವತ್ತು ದಿನ ದಾಟಿತ್ತು. ನಿಮಗೆ ದಾಟಿರಲಿಕ್ಕಿಲ್ಲ.

ನಾಲ್ಕನೆಯದು, ಇದೇ ಮುಖ್ಯ: ಬೇರೆ ಪ್ರತಿ ಎಲ್ಲಿದೆ? ಯಾರಿಗೆ ಕಳಿಸಿದ್ದಿರಿ, ಅವರು ಯಾರಿಗೆ ಕಳಿಸಿದರು ಎಂದು ಒಬ್ಬೊಬ್ಬರನ್ನೇ ಕೇಳಿ. ಚಾಟಿನಲ್ಲಿ ಕಾಣದಿದ್ದರೂ ವಾಟ್ಸ್‌ಆ್ಯಪಿನ ಫೋಲ್ಡರಿನಲ್ಲಿ ಇರಬಹುದು. ಫೈಲ್ ಮ್ಯಾನೇಜರಿನಲ್ಲಿ ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸ್‌ಆ್ಯಪ್ ಹೆಸರಿನ ಫೋಲ್ಡರಿಗೆ ಹೋದರೆ 'ಆಡಿಯೋ', 'ವಾಯ್ಸ್ ನೋಟ್ಸ್' ಎಂದು ಬೇರೆ ಬೇರೆ ಇರುತ್ತವೆ. 'ಸೆಂಟ್' ಎಂಬುದನ್ನೂ ತೆಗೆದು ನೋಡಿ. ಬೀರುವಿನಲ್ಲಿ ಬಿದ್ದಿರುವ ಹಳೆಯ ಫೋನ್ ಚಾರ್ಜ್ ಮಾಡಿ. ಗೂಗಲ್ ಡ್ರೈವ್, ಇಮೇಲ್ ನೋಡಿ.

ಐದನೆಯದು, ವಾಟ್ಸ್‌ಆ್ಯಪ್ ಬ್ಯಾಕಪ್. ಅದರಲ್ಲಿ ಸಿಗಬಹುದು ಎಂದು ಅವಸರದಲ್ಲಿ ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಬ್ಯಾಕಪ್ ಯಾವ ದಿನದ್ದು ಎಂದು ಸೆಟ್ಟಿಂಗಿನಲ್ಲಿ ಮೊದಲು ನೋಡಿ. ಆ ದಿನದ ಮೇಲೆ ಬಂದ ಮೆಸೇಜುಗಳನ್ನು ಕಳೆದುಕೊಳ್ಳುವ ಅಪಾಯ ಇದೆ.

ಆರನೆಯದು, ದನಿ ಚಿಪ್ಪಿನಲ್ಲಿ ಇದ್ದಿದ್ದರೆ ಕೂಡಲೇ ಚಿಪ್ಪು ತೆಗೆದಿಡಿ. ಕಂಪ್ಯೂಟರ್ ಇರುವ ಗೆಳೆಯರ ಹತ್ತಿರ ಹೋಗಿ, ಕಾರ್ಡ್ ರೀಡರಿಗೆ ಹಾಕಿ. 'ಫೋಟೋರೆಕ್' ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹೆಸರು ಫೋಟೋ ಎಂದಿದ್ದರೂ ಆಡಿಯೋವನ್ನೂ ಹುಡುಕುತ್ತದೆ. ಫೈಲಿನ ಹೆಸರು ಸಿಗುವುದಿಲ್ಲ, ಒಂದೊಂದನ್ನೇ ಕೇಳಿ ಗುರುತಿಸಬೇಕು. ಸಿಕ್ಕಿದ್ದನ್ನು ಅದೇ ಚಿಪ್ಪಿಗೆ ಉಳಿಸಬೇಡಿ, ಕಂಪ್ಯೂಟರಿಗೆ ಉಳಿಸಿ.

ಕೊನೆಯದು, ಹಣದ ವಿಚಾರ. ಫ್ಯಾಕ್ಟರಿ ರೀಸೆಟ್ ಆದ ಫೋನಿನಿಂದಲೂ ತೆಗೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಕಾಂಟ್ಯಾಕ್ಟ್, ಮೆಸೇಜ್ ಎಲ್ಲದಕ್ಕೂ ಅನುಮತಿ ಕೇಳುವ ಆ್ಯಪಿಗೆ ಒಪ್ಪಬೇಡಿ. ಪಿನ್ ನಂಬರ್ ಬರೆದುಕೊಟ್ಟು ಫೋನನ್ನು ಯಾರ ಹತ್ತಿರವೂ ಬಿಟ್ಟು ಬರಬೇಡಿ. ನಿಮ್ಮ ಬ್ಯಾಂಕೂ ಅದರೊಳಗೇ ಇದೆ.

ತಿಥಿಯ ರಾತ್ರಿ

ತಿಥಿಯ ದಿನ ನಾವು ಊರಿಗೆ ಹೋದೆವು. ಎಡೆ ಇಟ್ಟು, ಊಟವಾದ ಮೇಲೆ, ತಾತನ ತಂಬೂರಿಯನ್ನು ಗೋಡೆಗೆ ಒರಗಿಸಿಟ್ಟಿದ್ದ ಜಾಗದಲ್ಲೇ ಸ್ಪೀಕರ್ ಇಟ್ಟು ಆ ಹನ್ನೊಂದು ನಿಮಿಷ ಹಾಕಿದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಕೇಳಿದರು. ಕೆಮ್ಮು ಬಂದಾಗ ಯಾರೋ "ಆ ಕೆಮ್ಮು ನೋಡವ್ವ, ಅಂಗೇ ಅದೆ" ಅಂದರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿದರು.

ನಾವು ಹೊರಡುವಾಗ ಮೊಮ್ಮಗ ಬೈಕಿನ ತನಕ ಬಂದ. ಬೈಯಲಿಲ್ಲ. "ಮಿಕ್ಕುದ್ದು ಎಲ್ಲೋಯ್ತು ಸಾ?" ಅಂತ ಮಾತ್ರ ಕೇಳಿದ. ನಿಜ ಹೇಳಿದೆವು. ಅವನು ಸುಮ್ಮನೆ ತಲೆಯಾಡಿಸಿದ.

ಅಲ್ಲಿಂದೀಚೆಗೆ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಯಾರದೇ ದನಿ ತುಂಬಿಕೊಂಡರೂ ಆ ಜಗುಲಿಯಿಂದ ಏಳುವ ಮೊದಲು ಪೂರ್ತಿ ಫೈಲ್ ಆ ಮನೆಯ ಒಂದು ಫೋನಿಗೆ ಹೋಗಬೇಕು. ವಾಟ್ಸ್‌ಆ್ಯಪಿನಲ್ಲಿ 'ಡಾಕ್ಯುಮೆಂಟ್' ಎಂದು ಕಳಿಸಿದರೆ ದೊಡ್ಡ ಫೈಲೂ ಹೋಗುತ್ತದೆ. ಸಂಜೆಯೊಳಗೆ ಇನ್ನೊಂದು ಪ್ರತಿ ಕಂಪ್ಯೂಟರಿಗೆ, ಮತ್ತೊಂದು ಡ್ರೈವಿಗೆ. ಫೈಲಿನ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ದಿನಾಂಕ. ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರು ಹೇಳುತ್ತಿದ್ದರಲ್ಲ, ಹಾಗೆ ನಾವೂ ಈಗ ರೆಕಾರ್ಡಿಂಗ್ ಮುಗಿಸುವಾಗ ಹಾಡಿದವರಿಂದಲೇ ಹೆಸರು, ಊರು ಹೇಳಿಸುತ್ತೇವೆ. ಫೈಲಿನ ಹೆಸರು ಕಳೆದರೂ ದನಿ ಯಾರದೆಂದು ತಿಳಿಯುತ್ತದೆ.

ನಿಮ್ಮ ಮನೆಯಲ್ಲೂ ಪದ ಹೇಳುವ ಅಜ್ಜಿ, ಕತೆ ಹೇಳುವ ತಾತ ಇದ್ದರೆ ಇವತ್ತು ಸಂಜೆಯೇ ತುಂಬಿಕೊಳ್ಳಿ. ತುಂಬಿಕೊಂಡದ್ದನ್ನು ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಬೇಡಿ. ಅಕ್ಕನಿಗೊಂದು, ಚಿಕ್ಕಪ್ಪನಿಗೊಂದು ಕಳಿಸಿ. ಬಸ್ಸಲ್ಲಿ ಹೋಗುವಾಗ ಕೇಳುವವರು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.